ಸೀಜನ್ ರೇಟಿನ ತಟ್ಟೆ

ಪುಷ್ಯದ ಹುಣ್ಣಿಮೆ ಸಮೀಪಿಸಿದಂತೆ ಕೊಪ್ಪಳದ ಜವಾಹರ ರಸ್ತೆ ಇಕ್ಕಟ್ಟಾಗುತ್ತ ಹೋಗುತ್ತದೆ. ಡಿಸ್ಪೋಸಬಲ್ ಸಾಮಾನಿನ ಹೋಲ್‌ಸೇಲ್ ಅಂಗಡಿಯೆದುರು ಒಂದು ಲಗೇಜ್ ಆಟೊ, ಅದರ ಬೆನ್ನಿಗೆ ಟ್ರೇಲರ್ ಸಮೇತ ಒಂದು ಟ್ರ್ಯಾಕ್ಟರ್, ಎರಡರ ನಡುವೆ ಸಂದು ಹುಡುಕುವ ಬೈಕುಗಳು. ಪೇಪರ್ ಕಪ್ಪಿನ ರಟ್ಟಿನ ಡಬ್ಬಗಳು ಅಂಗಡಿಯ ಕಟ್ಟೆ ತುಂಬಿ ಗಟಾರದ ಹಾಸುಗಲ್ಲಿಗೂ ಇಳಿದಿವೆ. ಮೇಲೆ ಅಡ್ಡ ಕಟ್ಟಿದ ಸುತಳಿಗೆ ಮಾದರಿ ತಟ್ಟೆಗಳನ್ನು ತೂಗುಹಾಕಿದ್ದಾರೆ. ಅಡಿಕೆ ಹಾಳೆಯದು, ಮಷಿನ್ನಿನಲ್ಲಿ ಒತ್ತಿದ ಮುತ್ತುಗದೆಲೆಯದು, ಬಾಳೆಎಲೆಯ ಚಿತ್ರ ಅಚ್ಚಾದ ಹಸಿರು ಕಾಗದದ್ದು, ಬೆಳ್ಳಿ ಬಣ್ಣದ ನಾಲ್ಕು ಖಾನೆಯದು. ಗಾಳಿ ಬೀಸಿದರೆ ಒಂದಕ್ಕೊಂದು ತಾಗಿ ಪಟಪಟ ಎನ್ನುತ್ತವೆ. ಒಳಗೆ ಕಾಲಿಟ್ಟರೆ ಹೊಸ ರಟ್ಟಿನ ವಾಸನೆ, ಅದರಡಿಗೆ ಒಣ ಹಾಳೆಯ ಮಣ್ಣುಮಣ್ಣು ವಾಸನೆ.

ಗಲ್ಲೆಯ ಮುಂದೆ ನಿಂತವರು ಯಾವುದೋ ಹಳ್ಳಿಯ ತರುಣ ಸಂಘದ ಹುಡುಗರು. ಗವಿಮಠಕ್ಕೆ ಪಾದಯಾತ್ರೆ ಬರುವವರಿಗೆ ದಾರಿಯಲ್ಲಿ ಉಪ್ಪಿಟ್ಟು ಹಂಚುವವರು. ಪಟ್ಟಿಯ ಹಣ ಕೈಯಲ್ಲಿದೆ, ಲೆಕ್ಕ ಊರಿಗೆ ಒಪ್ಪಿಸಬೇಕು.

"ಏನ್ರಿ ಸಾವ್ಕಾರ್ರ, ಹೋದ ತಿಂಗಳ ಈ ಕಟ್ಟಿಗೆ ನಲವತ್ತೈದು ಅಂದಿದ್ರಿ, ಈಗ ಐವತ್ತೈದು ಅಂತೀರಲ್ರಿ?"

"ಹೋದ ತಿಂಗಳ ಯಾಕ ಒಯ್ಯಲಿಲ್ಲ ಮತ್ತ? ಈಗ ಜಾತ್ರಿ ಐತಿ ತಮ್ಮಾ. ಹುಬ್ಬಳ್ಳಿಂದನ ಮಾಲು ಬರವಲ್ದು. ಸೀಜನ್ ರೇಟ್ ಇದು."

ಹುಡುಗ ಒಂದು ತಟ್ಟೆ ತೆಗೆದು ಬೆರಳಲ್ಲಿ ಬಾಗಿಸಿ ನೋಡುತ್ತಾನೆ. ಕಾಗದ ತೆಳು. ಅಂಗಡಿಯವನೂ ಅದನ್ನು ಬಲ್ಲ. ಈ ವ್ಯಾಪಾರದಲ್ಲಿ ಬೆಲೆ ಏರುವ ದಾರಿ ಒಂದೇ ಅಲ್ಲ. ರೂಪಾಯಿ ಏರಬಹುದು, ಅದು ಏರದಿದ್ದರೆ ಕಾಗದದ ತೂಕ ಇಳಿಯುತ್ತದೆ, ಅದೂ ಇಲ್ಲದಿದ್ದರೆ ಇಪ್ಪತ್ತೈದರ ಕಟ್ಟಿನಲ್ಲಿ ಇಪ್ಪತ್ತು ಬರುತ್ತವೆ. ಉಪ್ಪಿಟ್ಟಿಗೆ ತೆಳು ಕಾಗದವಾದರೂ ನಡೆದೀತು. ಬಿಸಿ ಸಾರಿಗಾದರೆ ಎರಡು ತಟ್ಟೆ ಜೋಡಿಸಿ ಕೊಡಬೇಕಾಗುತ್ತದೆ, ಆಗ ಅಗ್ಗವಾಗಿ ಸಿಕ್ಕಿದ್ದು ತುಟ್ಟಿಯಾಗುತ್ತದೆ. ಹುಡುಗರು ತಮ್ಮತಮ್ಮಲ್ಲೇ ಗುಸುಗುಸು ಮಾತಾಡಿ ಮುತ್ತುಗದೆಲೆಯದನ್ನೇ ಟ್ರ್ಯಾಕ್ಟರಿಗೆ ಹೇರಿಸುತ್ತಾರೆ.

ಗವಿಮಠದ ಗವಿಸಿದ್ಧೇಶ್ವರ ಜಾತ್ರೆಯ ತೇರು ಎಳೆಯುವುದು ಪುಷ್ಯ ಬಹುಳ ಬಿದಿಗೆಯಂದು. 2025ರಲ್ಲಿ ಅದು ಜನವರಿ 15ಕ್ಕೆ ಬಂತು. ಆ ಹೊತ್ತಿಗೆ ಜಿಲ್ಲೆಯ ಊರೂರಿನ ಹೆಂಗಸರು ಓಣಿಯಲ್ಲಿ ಒಲೆ ಹೂಡಿ ಜೋಳದ ರೊಟ್ಟಿ ಬಡಿದು, ಒಣಗಿಸಿ, ಬಿಳಿ ಬಟ್ಟೆಯಲ್ಲಿ ಕಟ್ಟಿ ಟ್ರ್ಯಾಕ್ಟರಿನಲ್ಲಿ ಮಠಕ್ಕೆ ಕಳಿಸಿರುತ್ತಾರೆ. ಮಹಾದಾಸೋಹದಲ್ಲಿ ರೊಟ್ಟಿಯ ಲೆಕ್ಕ ಲಕ್ಷಗಳಲ್ಲಿ. ಮಾದಲಿ, ಪಲ್ಯ, ಅನ್ನ, ಸಾರು. ಅಷ್ಟು ಜನ ಒಂದೇ ಊರಲ್ಲಿ ಉಣ್ಣುವಾಗ ಅದರ ಬಿಸಿ ಪೇಟೆಗೆ ತಟ್ಟದೆ ಇದ್ದೀತೇ? ಮಠದ ಅಂಗಳದ ಊಟ ಒಂದಾದರೆ, ಮಠಕ್ಕೆ ಬರುವ ದಾರಿಗಳ ಮೇಲಿನ ಊಟ, ಚಹಾ, ಮಜ್ಜಿಗೆ, ಮಿರ್ಚಿ ಮಂಡಕ್ಕಿ ಇನ್ನೊಂದು. ಜವಾಹರ ರಸ್ತೆಯ ರಟ್ಟಿನ ಡಬ್ಬಗಳು ಖಾಲಿಯಾಗುವುದು ಹೆಚ್ಚಾಗಿ ಈ ಎರಡನೆಯದಕ್ಕೆ.

ಈ ಸೀಮೆಗೆ ತಟ್ಟೆಯ ಹಂಗಿಲ್ಲದ ಊಟವೂ ಗೊತ್ತು. ಯಲಬುರ್ಗಾ ಕಡೆಯ ಎರಿ ಹೊಲದಲ್ಲಿ ಜೋಳ ಕೀಳುವ ಹೆಂಗಸರು ನಡುಹೊತ್ತಿಗೆ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚುವುದನ್ನು ನೋಡಬೇಕು. ಎಡ ಅಂಗೈ ಮೇಲೆ ರೊಟ್ಟಿ, ರೊಟ್ಟಿಯ ಮೇಲೆ ಪುಂಡಿಪಲ್ಯ, ಪಲ್ಯದ ಪಕ್ಕ ಒಂದು ಚಿಟಿಕೆ ಶೇಂಗಾ ಚಟ್ನಿ, ಅದರ ಮೇಲೆರಡು ಹನಿ ಎಣ್ಣೆ. ಅಂಚಿನಿಂದ ಮುರಿಯುತ್ತ ಬಂದು ಕೊನೆಗೆ ಪಲ್ಯದ ರಸ ಹೀರಿದ ನಡುಭಾಗವನ್ನೇ ಬಾಯಿಗಿಟ್ಟರೆ ತಟ್ಟೆಯೂ ಮುಗಿಯಿತು, ಊಟವೂ ಮುಗಿಯಿತು. ತಿನ್ನಬಹುದಾದ ತಟ್ಟೆ, ತಿನ್ನಬಹುದಾದ ಚಮಚ ಎಂದು ಪಟ್ಟಣಗಳಲ್ಲಿ ಈಗ ಸುದ್ದಿಯಾಗುತ್ತಿರುತ್ತವೆ. ಬದುವಿನ ಮೇಲೆ ಕೂತವರಿಗೆ ಅದನ್ನು ಹೇಳಿದರೆ ನಕ್ಕಾರು.

ಗಂಗಾವತಿಯ ಚಿತ್ರ ಬೇರೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಉಂಡ ಊರು. ಸುತ್ತ ಭತ್ತ, ಊರ ತುಂಬ ಅಕ್ಕಿ ಗಿರಣಿ. ಕಾಲುವೆಗೆ ನೀರು ಸರಿಯಾಗಿ ಬಂದ ವರ್ಷ ಭತ್ತ ಎರಡು ಸಲ ಮನೆಗೆ ಬರುತ್ತದೆ, ದುಡ್ಡೂ ಎರಡು ಸಲ ಪೇಟೆಗೆ ಬರುತ್ತದೆ. ಇಲ್ಲಿಯ ಸೂಪರ್ ಮಾರ್ಕೆಟ್ಟುಗಳ ಕ್ಯಾಲೆಂಡರಿನಲ್ಲಿ ಹಬ್ಬಗಳ ಜೊತೆಗೆ ಸುಗ್ಗಿಯೂ ಸೇರಿಕೊಂಡಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಊರಿಗೆ ಊರೇ ದಿಗಿಲುಬಿದ್ದದ್ದು ಗದ್ದೆಯವರಿಗಾಗಿ ಮಾತ್ರ ಅಲ್ಲ. ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ಕಲ್ಯಾಣಮಂಟಪ, ಎಲ್ಲರ ಲೆಕ್ಕವೂ ಆ ಗೇಟಿನ ಹಿಂದೆ ನಿಂತಿತ್ತು. ಅಣೆಕಟ್ಟೆಯ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದ ಮೇಲೆ ಪೇಟೆ ಉಸಿರು ಬಿಟ್ಟಿತು.

ಭತ್ತ ಮಾರಿದ ವಾರ ಇಲ್ಲಿಯ ಸೂಪರ್ ಮಾರ್ಕೆಟ್ಟಿಗೆ ಬರುವ ಕುಟುಂಬವನ್ನು ಬಾಗಿಲಲ್ಲೇ ಗುರುತು ಹಿಡಿಯಬಹುದು. ಮಗ ಟ್ರಾಲಿ ದೂಡುತ್ತಾನೆ, ಸೊಸೆ ಮುಂದೆ, ಅತ್ತೆ ಸೆರಗು ಹೊದ್ದು ಹಿಂದೆ. ಒಳಗಿನ ತಂಪು ಅತ್ತೆಗೆ ಹಿಡಿಸದು. ಅಕ್ಕಿ ಕೊಳ್ಳುವಂತಿಲ್ಲ, ಮನೆಯದೇ ಇದೆ. ಎಣ್ಣೆ, ಸಕ್ಕರೆ, ಸೋಪು ಟ್ರಾಲಿಗೆ ಬಿದ್ದ ಮೇಲೆ ತಿರುವಿನಲ್ಲಿ ಒಂದು ಗುಡ್ಡೆ ಎದುರಾಗುತ್ತದೆ. ಹಬ್ಬಕ್ಕೆ ತಕ್ಕಂತೆ ಬದಲಾಗುವ ಗುಡ್ಡೆ ಅದು. ಯುಗಾದಿಗೆ ಬೇವು ಕುಡಿಯಲು ಕಾಗದದ ಲೋಟ, ರಂಜಾನಿಗೆ ಹಣ್ಣು ಹಾಕಿಕೊಡುವ ಬಟ್ಟಲು ಮತ್ತು ಶರಬತ್ತಿನ ಲೋಟ, ಗಣೇಶನಿಗೆ ಪ್ರಸಾದದ ದೊನ್ನೆ, ದೀಪಾವಳಿಗೆ ಸಿಹಿ ತುಂಬುವ ಡಬ್ಬಿ, ಫಾಯಿಲ್ ಸುರುಳಿ. ಬಿರುಬೇಸಿಗೆಯಲ್ಲಿ ಐಸ್‌ಕ್ರೀಮ್ ಕಪ್ಪು, ಕಾಗದದ ಸ್ಟ್ರಾ. ಮಕ್ಕಳ ಹುಟ್ಟುಹಬ್ಬಕ್ಕೆ ಮಾತ್ರ ಸೀಜನ್ ಇಲ್ಲ, ಕಾರ್ಟೂನು ತಟ್ಟೆಗಳಿಗೆ ವರ್ಷಪೂರ್ತಿ ಒಂದು ಮೂಲೆ ಮೀಸಲು. ಗುಡ್ಡೆಯ ಮೇಲೊಂದು ಹಳದಿ ಬೋರ್ಡು: ಎಂಆರ್‌ಪಿಯ ಮೇಲೆ ಅಡ್ಡಗೆರೆ, ಕೆಳಗೆ ಕೆಂಪಕ್ಷರದಲ್ಲಿ ಅದರ ಅರ್ಧ. ಪಕ್ಕದಲ್ಲಿ ಒಂದು ಕೊಂಡರೆ ಒಂದು ಉಚಿತ.

ಅತ್ತೆ ಒಂದು ಕಟ್ಟು ಎತ್ತಿ, ಕಣ್ಣಿಗೆ ಹತ್ತಿರ ಹಿಡಿದು ಕೇಳುತ್ತಾಳೆ: "ಅರ್ಧಾ ರೊಕ್ಕಕ್ಕ ಕೊಟ್ಟರ ಇವರಿಗೆ ಏನ ಉಳೀತದ?" ಸೊಸೆ ಉತ್ತರಿಸುವುದಿಲ್ಲ. ಪ್ರಶ್ನೆ ಮಾತ್ರ ಸರಿಯಾದದ್ದು. ಪ್ಯಾಕು ಮಾಡಿದ ಮಾಲನ್ನು ಮುದ್ರಿತ ಗರಿಷ್ಠ ಬೆಲೆಗಿಂತ ಹೆಚ್ಚಿಗೆ ಮಾರುವಂತಿಲ್ಲ. 2009ರ ಕಾನೂನು ಮಾಪನ ಕಾಯ್ದೆ, ಅದರಡಿಯ 2011ರ ನಿಯಮಗಳು ಅದನ್ನು ನೋಡಿಕೊಳ್ಳುತ್ತವೆ. ಆದರೆ ಪೇಪರ್ ಕಪ್ಪಿನಂಥ ಸಾಮಾನಿಗೆ ಆ ಗರಿಷ್ಠ ಬೆಲೆ ಎಷ್ಟಿರಬೇಕು ಎಂದು ಹೇಳುವವರು ಯಾರೂ ಇಲ್ಲ. ಅರ್ಧಕ್ಕೆ ಮಾರುವ ಇರಾದೆಯಿದ್ದರೆ ದುಪ್ಪಟ್ಟು ಅಚ್ಚು ಹಾಕಿಸಿದರಾಯಿತು. ಕಟ್ಟಿನ ಬೆನ್ನಿಗೆ ಸಣ್ಣಕ್ಷರದಲ್ಲಿ ಒಂದೊಂದಕ್ಕೆ ಎಷ್ಟು ಬಿತ್ತು ಎನ್ನುವುದೂ ಇರುತ್ತದೆ. ಅದನ್ನು ಓದುವ ಕಣ್ಣು ಅತ್ತೆಗಿಲ್ಲ, ಪುರುಸೊತ್ತು ಸೊಸೆಗಿಲ್ಲ.

ಒಂದು ಸೋಜಿಗ ಇಲ್ಲೇ ಇದೆ. ಹಬ್ಬ ಬಂತೆಂದರೆ ಜವಾಹರ ರಸ್ತೆಯಲ್ಲಿ ತಟ್ಟೆಯ ಬೆಲೆ ಏರುತ್ತದೆ, ಗಂಗಾವತಿಯ ತಂಪು ಅಂಗಡಿಯಲ್ಲಿ ಇಳಿಯುತ್ತದೆ. ಹೋಲ್‌ಸೇಲಿನವನಿಗೆ ತಟ್ಟೆಯೇ ವ್ಯಾಪಾರ. ಜನ ಮುಗಿಬೀಳುವ ನಾಲ್ಕು ದಿನದಲ್ಲಿ ಅವನು ಆಷಾಢದ ಬಾಡಿಗೆಯನ್ನೂ ದುಡಿದುಕೊಳ್ಳಬೇಕು. ಸೂಪರ್ ಮಾರ್ಕೆಟ್ಟಿಗೆ ತಟ್ಟೆ ಬರೀ ಗಾಳಕ್ಕೆ ಸಿಕ್ಕಿಸುವ ಎರೆಹುಳ. ಕಪ್ಪಿನ ಕಟ್ಟು ಅಗ್ಗವಾಯಿತೆಂದು ತಿರುವಿಗೆ ಬಂದವರು ಗೋಡಂಬಿ, ದ್ರಾಕ್ಷಿ, ತುಪ್ಪ, ಹೊಸ ಕುಕ್ಕರು ನೋಡದೆ ಹೊರಗೆ ಹೋಗುವುದಿಲ್ಲ. ಮನೆಯಲ್ಲಿ ಸತ್ಯನಾರಾಯಣ ಪೂಜೆ ಇಟ್ಟುಕೊಂಡು ಇಪ್ಪತ್ತೈದು ತಟ್ಟೆ ಕೊಳ್ಳುವವನಿಗೆ ರಿಯಾಯಿತಿ, ಊರಿಗೆಲ್ಲ ಉಪ್ಪಿಟ್ಟು ಹಂಚಲು ಎರಡು ಸಾವಿರ ಕೊಳ್ಳುವ ತರುಣ ಸಂಘಕ್ಕೆ ಸೀಜನ್ ರೇಟು. ಹಾಗಿದ್ದೂ ಬಿಡಿಯಾಗಿ ಲೆಕ್ಕ ಹಾಕಿದರೆ ರಿಯಾಯಿತಿಯ ತಟ್ಟೆಯೇ ತುಟ್ಟಿ ಎನ್ನುವುದು ಬೇರೆ ಮಾತು. ಇನ್ನೊಂದು ವ್ಯತ್ಯಾಸವೂ ಉಂಟು. ಸೂಪರ್ ಮಾರ್ಕೆಟ್ಟಿನ ಬಿಲ್ಲಿನಲ್ಲಿ 'ಬರೆದಿಟ್ಟುಕೊಳ್ರಿ, ಸುಗ್ಗಿಗೆ ಕೊಡ್ತೀನಿ' ಎನ್ನಲು ಸಾಲಿಲ್ಲ.

ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚೆ, ಥರ್ಮಾಕೋಲ್ ಸಾಮಾನು, ಊಟದ ಮೇಜಿಗೆ ಹಾಸುವ ಹಾಳೆ, ಎಲ್ಲವನ್ನೂ ಕರ್ನಾಟಕ ಸರ್ಕಾರ 2016ರ ಮಾರ್ಚ್ 11ರ ಅಧಿಸೂಚನೆಯಲ್ಲೇ ನಿಷೇಧಿಸಿತು. ಕೇಂದ್ರದ ನಿಷೇಧ ಬಂದದ್ದು 2022ರ ಜುಲೈ 1ರಿಂದ. ಅದಾದ ಮೇಲೆ ಅಂಗಡಿಯ ಮುಂಭಾಗ ನಿಜವಾಗಿಯೂ ಬದಲಾಯಿತು, ಥರ್ಮಾಕೋಲ್ ತಟ್ಟೆ ಮೆಲ್ಲಗೆ ಕಣ್ಮರೆಯಾಯಿತು. ಬೆಳ್ಳಿ ಬಣ್ಣದ ತಟ್ಟೆ ಉಳಿದುಕೊಂಡಿತು. ಮೈಯೆಲ್ಲ ಕಾಗದ, ಮುಖಕ್ಕೆ ಮಾತ್ರ ತೆಳು ಲೇಪ. ಅದನ್ನು ಕಾಗದ ಎನ್ನಬೇಕೋ ಪ್ಲಾಸ್ಟಿಕ್ ಎನ್ನಬೇಕೋ ಎಂದು ಕೊಳ್ಳುವವನು ಕೇಳುವುದಿಲ್ಲ, ಮಾರುವವನು ಹೇಳುವುದಿಲ್ಲ. ಮದುವೆ ಪಂಕ್ತಿಯಲ್ಲಿ ಫೋಟೊ ಚೆನ್ನಾಗಿ ಬರುತ್ತದೆ ಎಂದು ಬೀಗರ ಕಡೆಯವರು ಅದನ್ನೇ ಆರಿಸುತ್ತಾರೆ.

ಇವೆಲ್ಲ ಬರುವ ಮೊದಲು ಊಟದೆಲೆಯೆಂದರೆ ಮುತ್ತುಗ. ಮಾಘ ಫಾಲ್ಗುಣದಲ್ಲಿ ಎಲೆ ಪೂರಾ ಉದುರಿಸಿ ಕೆಂಪಗೆ ಹೂಬಿಡುವ ಗಿಡ, ಬೇಸಿಗೆಯಲ್ಲಿ ಮತ್ತೆ ಚಿಗುರುತ್ತದೆ. ಎಲೆ ಬಲಿತ ಮೇಲೆ ಕಿತ್ತು ತಂದು, ಸರ ಪೋಣಿಸಿ, ನೆರಳಲ್ಲಿ ಒಣಗಿಸಿ, ಕಲ್ಲು ಹೇರಿ ಚಪ್ಪಟೆ ಮಾಡಿ ಅಟ್ಟಕ್ಕೇರಿಸುತ್ತಿದ್ದರು. ಬೇಕಾದಾಗ ನೀರು ಚಿಮುಕಿಸಿ ಮೆತ್ತಗೆ ಮಾಡಿಕೊಂಡು ಎಲೆ ಹಚ್ಚುವುದು. ನಡುವಿಗೆ ಅಗಲದ್ದೊಂದು, ಸುತ್ತ ಒಂದರ ಮೇಲೊಂದು ಅರ್ಧರ್ಧ ಏರಿ ಬರುವಂತೆ ಉಳಿದವು, ಸಂದಿಗೆಲ್ಲ ಸಿಬಿರು ಚುಚ್ಚಿ ಮುರಿದು ಬಿಗಿಮಾಡುವುದು. ಕೈ ಪಳಗಿದ ಅಜ್ಜಿಗೆ ನೋಡುವ ಅಗತ್ಯವೇ ಇರಲಿಲ್ಲ. ಬಾಯಲ್ಲಿ ಸೋಬಾನೆಯೋ ಓಣಿಯ ಸುದ್ದಿಯೋ ನಡೆದಿರುತ್ತಿತ್ತು, ಬೆರಳು ತನ್ನ ಪಾಡಿಗೆ ಹಚ್ಚುತ್ತಿತ್ತು. ಇಂಥ ಪತ್ರಾವಳಿಯಲ್ಲಿ ಸಾರು ಹಾಕಿಸಿಕೊಳ್ಳುವುದು ಒಂದು ವಿದ್ಯೆ. ಅನ್ನದಿಂದ ಸುತ್ತ ಒಡ್ಡು ಕಟ್ಟಿ, ನಡುವೆ ಗುಣಿ ಮಾಡಿ, ಬಡಿಸುವವನ ಸೌಟು ಬಾಗುವ ಮೊದಲೇ ಕೈ ಅಡ್ಡ ಹಿಡಿದಿರಬೇಕು. ಒಡ್ಡು ಒಡೆದರೆ ಸಾರು ಪಕ್ಕದವನ ಧೋತರಕ್ಕೆ.

ಈಗಿನ ಮುತ್ತುಗದ ತಟ್ಟೆಗೆ ಅಡಿಯಲ್ಲಿ ರಟ್ಟು, ಬಿಸಿ ಅಚ್ಚಿನ ಒತ್ತು. ಸಾರು ಎಲ್ಲಿಗೂ ಹೋಗುವುದಿಲ್ಲ. ಎಲೆ, ಹೂವು, ತೊಗಟೆಯಿಂದ ಮಾಡಿದ ತಟ್ಟೆ ಬಟ್ಟಲುಗಳ ಮೇಲಿನ ಜಿಎಸ್‌ಟಿಯನ್ನು 2019ರ ಸೆಪ್ಟೆಂಬರಿನಲ್ಲಿ ಗೋವಾದಲ್ಲಿ ಸೇರಿದ ಕೌನ್ಸಿಲ್ ಶೇ 5ರಿಂದ ಸೊನ್ನೆಗಿಳಿಸಿತು. ಅಡಿಕೆ ಹಾಳೆಯದು ಮಲೆನಾಡಿನಿಂದ ಬರುವ ಮಾಲು, ಗಟ್ಟಿ, ನೋಡಲು ಚೆಂದ, ಬೆಲೆಯೂ ಹಾಗೇ. ವಿದೇಶಕ್ಕೂ ಹೋಗುತ್ತಿದ್ದ ಈ ತಟ್ಟೆಯನ್ನು 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಬೇಡವೆಂದಿತು. ಅಡಿಕೆಯ ಸಹಜ ಆಲ್ಕಲಾಯ್ಡುಗಳು ಊಟಕ್ಕೆ ಇಳಿಯಬಹುದು ಎಂಬ ಕಾರಣಕ್ಕೆ. ಊಟದ ನಂತರ ಎಲೆಯಡಿಕೆ ಹಾಕಿಯೇ ಏಳುವ ನಮ್ಮ ಪಂಕ್ತಿಗೆ ಈ ಸುದ್ದಿ ಅಷ್ಟೇನೂ ನಾಟಿದಂತಿಲ್ಲ. ಇನ್ನು ಬಾಳೆಎಲೆ. ಆನೆಗೊಂದಿಯ ಸುತ್ತ ನದಿದಂಡೆಯಲ್ಲಿ ಬಾಳೆ ತೋಟ ಬೇಕಾದಷ್ಟಿವೆ. ಕಿಷ್ಕಿಂದಾ ಟ್ರಸ್ಟಿನವರು ಅಲ್ಲಿಯ ಹೆಂಗಸರಿಗೆ ಬಾಳೆನಾರಿನ ಚೀಲ, ಬುಟ್ಟಿ ಹೆಣೆಯುವ ಕೆಲಸವನ್ನೂ ಕಲಿಸಿದ್ದಾರೆ. ಆದರೂ ವೈಶಾಖದ ಮುಹೂರ್ತಗಳು ಒಂದರ ಮೇಲೊಂದು ಬಿದ್ದ ವಾರ ಅದೇ ತೋಟದ ಎಲೆ ಅರ್ಧ ಗಂಟೆ ದೂರದ ಗಂಗಾವತಿಯ ಸಂತೆಯಲ್ಲಿ ಕೈಗೆಟುಕದು. ಬಿಸಿಲಿಗೆ ಸೀಳುತ್ತದೆ, ಗಾಳಿಗೆ ಹರಿಯುತ್ತದೆ, ಮೂರನೇ ದಿನಕ್ಕೆ ಬಾಡುತ್ತದೆ. ಕಾಗದದ ಬಾಳೆಎಲೆ ಗೆದ್ದದ್ದು ಅಲ್ಲಿ. ಅದು ಆಷಾಢದಲ್ಲಿ ಕೊಂಡಿಟ್ಟರೂ ಮುಂದಿನ ವೈಶಾಖಕ್ಕೆ ಹಸಿರಾಗಿಯೇ ಇರುತ್ತದೆ.

ಆದರೆ ಎಲೆ ಹೋಗಿ ಸ್ಟೀಲ್ ಬಂದು, ಸ್ಟೀಲೂ ಹೋಗಿ ಕಾಗದ ಬಂದದ್ದು ಬರೀ ಷೋಕಿಗಲ್ಲ. ಯಲಬುರ್ಗಾ ತಾಲೂಕಿನ ಒಂದು ಹಳ್ಳಿಯಲ್ಲಿ ಮೇ ತಿಂಗಳ ಲಗ್ನಕ್ಕೆ ಹೋದರೆ ಇದು ತಿಳಿಯುತ್ತದೆ. ಸಾವಿರ ಜನರ ಊಟ. ಗುಡಿಯ ಹಿಂದಿನ ಕೋಣೆಯಲ್ಲಿ ದೈವದವರ ಭಾಂಡೆ ಸಾಮಾನು ಇದೆ: ಹಂಡೆ, ಕೊಪ್ಪರಿಗೆ, ಸೌಟು, ಊರಿನ ಹೆಸರು ಕೊರೆಸಿದ ಸ್ಟೀಲ್ ತಟ್ಟೆಗಳ ಗೋಣಿಚೀಲಗಳು. ಹಂಡೆ ಕೊಪ್ಪರಿಗೆ ಹೊರಗೆ ಬಂದಿವೆ. ತಟ್ಟೆಯ ಚೀಲ ಮಾತ್ರ ಹೊಲಿದದ್ದು ಹೊಲಿದಂತೆಯೇ ಇದೆ. ಯಾಕೆಂದು ಕೇಳಿದರೆ ಲಗ್ನದ ಹಿರಿಯ ಟ್ರ್ಯಾಕ್ಟರ್ ಟ್ಯಾಂಕರಿನ ಕಡೆ ಕೈ ತೋರುತ್ತಾನೆ. ತಟ್ಟೆಗೆ ಎರಡೇ ಲೀಟರು ನೀರೆಂದರೂ ಸಾವಿರಕ್ಕೆ ಎರಡು ಸಾವಿರ ಲೀಟರು. ಮೊದಲ ಪಂಕ್ತಿಯ ತಟ್ಟೆ ತೊಳೆದು ಮೂರನೆಯ ಪಂಕ್ತಿಗೆ ಹಾಕುವ ಹೊತ್ತಿಗೆ ಟ್ಯಾಂಕರು ಅರ್ಧ. ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಸೀಮೆಯಿದು; ಕುಡಿಯುವ ನೀರು ಶುದ್ಧೀಕರಣ ಘಟಕದ ಕ್ಯಾನಿನಲ್ಲಿ ಬರಬೇಕು, ಬಳಕೆಯದು ಕೊಳವೆಬಾವಿಗೆ ಜೀವವಿದ್ದರೆ ಉಂಟು.

ನೀರಿನ ಲೆಕ್ಕ ಗಂಡಸರದು. ಹೆಂಗಸರ ಲೆಕ್ಕ ಬೇರೆ. ಹಿಂದಿನ ಲಗ್ನಗಳಲ್ಲಿ ಮುಸುರೆ ತಿಕ್ಕಲು ಹಿತ್ತಲಲ್ಲಿ ಕೂರುತ್ತಿದ್ದವರು ಒಂದೋ ಮನೆಯ ಸೊಸೆಯಂದಿರು, ಇಲ್ಲವೇ ಊರಂಚಿನ ಕೇರಿಯಿಂದ ಕರೆಸಿದ ಹೆಂಗಸರು. ಬೂದಿ, ತೆಂಗಿನ ನಾರು, ಬಾಗಿದ ಬೆನ್ನು. ಮದುಮಗಳ ಸೀರೆ ಯಾವ ಬಣ್ಣ ಎನ್ನುವುದು ಅವರಿಗೆ ಆಮೇಲೆ ಯಾರೋ ಹೇಳಬೇಕಿತ್ತು. ಈಗ ಅದೇ ಸೊಸೆಯಂದಿರು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತು ಅಕ್ಕಿಕಾಳು ಹಾಕುತ್ತಾರೆ. "ಆ ಪ್ಲೇಟ್ ಬಂದು ನಮ್ಮ ಸೊಂಟ ಉಳೀತ್ರಿ," ಎಂದು ಒಬ್ಬಾಕೆ ನಗುತ್ತ ಹೇಳಿದಳು. ಪರಿಸರದ ಪಾಠ ಹೇಳಲು ಬರುವವರು ಆ ಸೊಂಟದ ಎದುರು ನಿಂತು ಹೇಳಬೇಕು. ತೊಳೆಯುವ ಕೆಲಸ ಯಾರದು, ನೀರು ಎಲ್ಲಿಂದ ಎನ್ನುವ ಎರಡು ಪ್ರಶ್ನೆಗೆ ಉತ್ತರ ತಾರದೆ ಸ್ಟೀಲ್ ತಟ್ಟೆ ವಾಪಸು ತನ್ನಿ ಎನ್ನುವುದು ಸುಲಭದ ಮಾತು.

ಚಹಾದ ಕಪ್ಪಿಗೆ ಇನ್ನೂ ಒಂದು ಕಥೆ ಅಂಟಿಕೊಂಡಿದೆ. ವಿಜಯಪುರ, ಹೊಸಪೇಟೆಗಳ ನಡುವಿನ ಹೆದ್ದಾರಿಯ ಊರು ಕುಷ್ಟಗಿ. ಬಸ್ ನಿಲ್ದಾಣದ ಬಳಿಯ ಚಾದಂಗಡಿಯಲ್ಲಿ ಬೆಳಗಿನ ಜಾವದಿಂದಲೇ ಕಪ್ಪಿನ ಗೋಪುರಗಳು ಎದ್ದಿರುತ್ತವೆ. ಒಂದರೊಳಗೊಂದು ಹೊಕ್ಕ ಪುಟ್ಟ ಕಪ್ಪುಗಳ ಉದ್ದ ಸಾಲನ್ನು ಅಂಗಡಿಯವನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳಿಂದ ಒಂದೊಂದನ್ನೇ ಸಡಿಲಿಸಿ ಹಲಗೆಯ ಮೇಲೆ ಕೆಡವುತ್ತಾನೆ. ಬಲಗೈಯ ಕಿಟ್ಲಿ ಒಂದು ಹನಿ ಚೆಲ್ಲದೆ ಸಾಲಿಡೀ ಹಾಯುತ್ತದೆ. ನಾಲ್ಕು ಗುಟುಕು, ಕಪ್ಪು ಬುಟ್ಟಿಗೆ ಅಥವಾ ಬುಟ್ಟಿಯ ಸುತ್ತಮುತ್ತ. ಕಪ್ಪಿನ ಒಳಮೈಗೆ ಸೋರದಂತೆ ಪಾಲಿಎಥಿಲೀನ್ ಲೇಪ ಇರುತ್ತದೆ. 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ನೀರು ಇಂಥ ಕಪ್ಪಿನಲ್ಲಿ 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಬಿಡುತ್ತವೆ ಎಂದು ಐಐಟಿ ಖರಗಪುರದ ಸಂಶೋಧಕರು 2020ರಲ್ಲಿ ಕಂಡುಕೊಂಡರು. ಕುಷ್ಟಗಿ ನಿಲ್ದಾಣದಲ್ಲಿ ಹದಿನೈದು ನಿಮಿಷ ಕಪ್ಪು ಹಿಡಿದು ನಿಲ್ಲಲು ಕಂಡಕ್ಟರ್ ಬಿಡುವುದಿಲ್ಲ, ಅದೊಂದು ಸಮಾಧಾನ.

ಹಳ್ಳಿಯ ಚಾದಂಗಡಿಗೆ ಈ ಕಪ್ಪು ಬಂದ ಬಗೆ ಬೇರೆ. ಅಲ್ಲಿ ಗಾಜಿನ ಲೋಟ ಎರಡು ಬಗೆಯವಿದ್ದವು: ಒಳಗೆ ಬೆಂಚಿನ ಮೇಲೆ ಕೂತವರದು, ಹೊರಗೆ ನಿಂತು ಕುಡಿದು ತಾವೇ ತೊಳೆದಿಡಬೇಕಾದವರದು. ಈ ಜಿಲ್ಲೆ ಅದನ್ನು ಮರೆತುಬಿಟ್ಟಿದೆ ಎಂದರೆ ಸುಳ್ಳಾಗುತ್ತದೆ. 2014ರ ಆಗಸ್ಟಿನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿಯಿಟ್ಟ ಪ್ರಕರಣದ ಹಿನ್ನೆಲೆಯಲ್ಲಿದ್ದದ್ದು ಹೋಟೆಲ್ಲು, ಕ್ಷೌರದಂಗಡಿಗಳಿಗೆ ದಲಿತರನ್ನು ಸೇರಿಸದ ತಕರಾರು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು, ಆಮೇಲೆ ಪ್ರಕರಣ ಹೈಕೋರ್ಟಿಗೆ ಹೋಯಿತು. ಪೇಪರ್ ಕಪ್ಪು ಬಂದ ಮೇಲೆ ಎಲ್ಲರಿಗೂ ಒಂದೇ ಕಪ್ಪು, ಯಾರೂ ತೊಳೆಯುವುದಿಲ್ಲ. ಇದನ್ನು ಸಮಾನತೆ ಎಂದು ಕೊಂಡಾಡುವವರಿದ್ದಾರೆ. ನನಗೆ ಹಾಗೆನಿಸುವುದಿಲ್ಲ. ಎರಡನೇ ಲೋಟವನ್ನು ಒಳಗಿನ ಲೋಟದ ಸಾಲಿಗೆ ಸೇರಿಸುವ ಕಷ್ಟ ತಪ್ಪಿಸಿಕೊಳ್ಳಲು ಲೋಟಗಳನ್ನೇ ತೆಗೆದುಹಾಕಿದ್ದಾಯಿತು. ಬೆಂಚು ಯಾರದು ಎಂಬ ಪ್ರಶ್ನೆ ಹಾಗೇ ಇದೆ.

ಎಸೆದದ್ದು ಎಲ್ಲಿಗೆ ಹೋಗುತ್ತದೆ? ಹುಲಿಗಿಯಲ್ಲಿ ಹುಣ್ಣಿಮೆಯ ಮರುದಿನ ನದಿಯ ಕಡೆ ನಡೆದರೆ ಕಣ್ಣಿಗೆ ಬೀಳುತ್ತದೆ. ಹುಲಿಗೆಮ್ಮನಿಗೆ ನಡೆದುಕೊಳ್ಳುವವರು ಬಯಲಲ್ಲೇ ಮೂರು ಕಲ್ಲು ಹೂಡಿ ಅಡುಗೆ ಮಾಡಿ ಉಂಡು ಹೋಗಿರುತ್ತಾರೆ. ಒಲೆಗಲ್ಲಿನ ಪಕ್ಕ ತಟ್ಟೆ, ಲೋಟ, ನೀರಿನ ಬಾಟಲಿ. ಮಾರ್ಗಶಿರದಲ್ಲಿ ಹನುಮಮಾಲೆ ಧರಿಸಿದವರು ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಮಾಲೆ ವಿಸರ್ಜಿಸಿ ಹೋದ ಮೇಲೆ ಬೆಟ್ಟದ ತಪ್ಪಲಿನದೂ ಇದೇ ನೋಟ. ಅಲ್ಲಿಯಾದರೆ ಗುಡಿಸುವವರು ಬರುತ್ತಾರೆ. ಹಳ್ಳಿಯ ಕಲ್ಯಾಣಮಂಟಪದ ಹಿಂದೆ ಗುಡ್ಡೆಬಿದ್ದದ್ದನ್ನು ಮಾತ್ರ ಗಾಳಿಯೇ ವಿಲೇವಾರಿ ಮಾಡಬೇಕು. ಮುತ್ತುಗದ ಎಲೆಯನ್ನು ದನ ಮೂಸಿ ತಿಂದುಬಿಡುತ್ತಿತ್ತು. ಬೆಳ್ಳಿ ತಟ್ಟೆಯನ್ನೂ ಅದು ತಿನ್ನುತ್ತದೆ, ಅದರಲ್ಲಿ ಅನ್ನದ ವಾಸನೆಯಿದೆ. ಉಳಿದದ್ದು ಹಾರಿ ಹೊಲಕ್ಕೆ. ಮುಂಗಾರಿನಲ್ಲಿ ಎಡೆಕುಂಟೆ ಹೊಡೆಯುವಾಗ ಕುಡಕ್ಕೆ ಏನೋ ಸಿಕ್ಕಿ ಎತ್ತು ನಿಲ್ಲುತ್ತದೆ. ಬಗ್ಗಿ ತೆಗೆದರೆ ಚಹಾದ ಕಪ್ಪು. ಕಾಗದ ಮಣ್ಣಾಗಿದೆ, ಒಳಗಿನ ತೆಳು ಪೊರೆ ಮಾತ್ರ ಕಪ್ಪಿನದೇ ಆಕಾರದಲ್ಲಿ, ಬೆರಳಿಗೆ ತೊಡಿಸಿಕೊಳ್ಳುವಷ್ಟು ಹಗುರಾಗಿ ನಿಂತಿದೆ. ರೈತ ಅದನ್ನು ಕೊಡವಿ ಬದುವಿಗೆ ಎಸೆದು "ಹಾಂ, ನಡೀ" ಎಂದು ಎತ್ತಿಗೆ ಹೇಳುತ್ತಾನೆ.

ಜಾತ್ರೆಗಳು ಮುಗಿದ ಮೇಲೆ, ಲಗ್ನದ ತಿಥಿಗಳಿನ್ನೂ ಶುರುವಾಗದ ದಿನಗಳಲ್ಲಿ ಹೋಲ್‌ಸೇಲ್ ಅಂಗಡಿಗಳಿಗೆ ಹೊಸ ತಲೆನೋವು. ಒಡೆಯದ ಕಟ್ಟುಗಳು ವಾಪಸು ಬರತೊಡಗುತ್ತವೆ. ಸೂಪರ್ ಮಾರ್ಕೆಟ್ಟಿಗಾದರೆ ಬಿಲ್ಲು ಬೇಕು, ಇಂತಿಷ್ಟೇ ದಿನದೊಳಗೆ ತರಬೇಕು. ಇಲ್ಲಿ ಮುಖವೇ ಬಿಲ್ಲು. ಕುಷ್ಟಗಿಯ ಒಂದು ಅಂಗಡಿಗೆ ಹಳ್ಳಿಯ ಹೆಣ್ಣುಮಗಳೊಬ್ಬಳು ಸೆರಗಿನ ಮರೆಯಲ್ಲಿ ಎರಡು ಕಟ್ಟು ಹಿಡಿದು ಬಂದಿದ್ದಾಳೆ. ಗಂಡ ಗುಳೆ ಹೋದವನು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಬಂದ ಹೊಸ ರೈಲು ಹತ್ತಿಯೇ ಹೋದ ಎಂದು ಪಕ್ಕದವಳಿಗೆ ಹೇಳುತ್ತಿದ್ದಾಳೆ.

"ಅಣ್ಣಾರ, ಇವೆರಡು ಉಳದಾವು. ಒಡದಿಲ್ಲ, ಹಂಗ ಅದಾವು. ತಗೋರಿ."

"ಯಾವಾಗ ಒಯ್ದಿದ್ದಿ ಯಕ್ಕಾ?"

"ನಮ್ಮತ್ತಿ ಶಿವಗಣಾರಾಧನಿಗೆ. ನಿಮ್ಮ ಬುಕ್ಕಿನ್ಯಾಗ ಬರದಿರಬೇಕಲ್ರಿ."

ಅಂಗಡಿಯವನು ಉದ್ರಿ ಬುಕ್ಕು ತೆರೆದು, ಎಂಜಲು ಹಚ್ಚಿದ ಬೆರಳಿಂದ ಪುಟ ಮಗುಚಿದ. ಕಟ್ಟಿಗೆ ಅರವತ್ತರಂತೆ ಬರೆದಿತ್ತು.

"ಈಗ ಐವತ್ತರ ರೇಟು ನಡದೈತಿ. ಐವತ್ತರಂಗ ಜಮಾ ಹಾಕ್ಕೋತೀನಿ."

"ಒಯ್ಯಾಕ ಬಂದಾಗ ಅರವತ್ತು ಹಚ್ಚೀರಿ!"

"ಆವಾಗ ಸೀಜನ್ ಇತ್ತಲ್ಲ ಯಕ್ಕಾ. ಜಾತ್ರಿ ಟೈಮು."

"ಸಾಯೂರು ಸೀಜನ್ ನೋಡಿ ಸಾಯ್ತಾರೇನ್ರಿ ಅಣ್ಣಾರ?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಪೆನ್ನಿನ ತುದಿ ಒಂದು ಗಳಿಗೆ ಬುಕ್ಕಿನ ಮೇಲೆ ನಿಂತು, ಆಮೇಲೆ ಐವತ್ತೈದು ಎಂದು ಬರೆಯಿತು.